ಹಲಗಿ ಬಡಿದವರು ‘ಭಾಗವಹಿಸಿದವರೇ’?

ಯುವಜನರ ಗೀತನಾಟಕ, ಸಮುದಾಯ ಕಲೆ, ಕಲೆಯಲ್ಲಿ ಜನರ ಭಾಗವಹಿಸುವಿಕೆ ಎಂಬ ಮಾತುಗಳ ಸುತ್ತ ಕಳೆದ ಮೂರು ದಶಕಗಳಲ್ಲಿ ಪಶ್ಚಿಮದ ವಿಶ್ವವಿದ್ಯಾಲಯಗಳಲ್ಲಿ ಒಂದು ಸಂಶೋಧನಾ ಕ್ಷೇತ್ರವೇ ಬೆಳೆದು ನಿಂತಿದೆ. ಹಾಡಿ ಆಡಿದ ಹುಡುಗ ಹುಡುಗಿಯರಿಗೆ ಏನು ಒಳಿತಾಯಿತು, ಅವರ ಆತ್ಮವಿಶ್ವಾಸ ಹೆಚ್ಚಿತೇ, ಊರು ಒಂದಾಯಿತೇ ಎಂದು ಅಳೆಯುವುದು ಅದರ ಮುಖ್ಯ ಕೆಲಸ. ಈ ಅಳತೆಗೋಲನ್ನು ನಮ್ಮ ಸಣ್ಣಾಟ, ದೊಡ್ಡಾಟ, ಜಾಥಾ ಹಾಡುಗಳ ಮೇಲೆ ಇಟ್ಟರೆ ಏನಾಗುತ್ತದೆ? ಅಳೆಯುವವರು ಕೇಳದೆ ಬಿಟ್ಟ ಒಂದು ಪ್ರಶ್ನೆ ತಾನಾಗಿಯೇ ಎದ್ದು ಬರುತ್ತದೆ. ಭಾಗವಹಿಸಿದವನಿಗೆ ‘ಒಲ್ಲೆ’ ಅನ್ನುವ ಹಕ್ಕು ಇತ್ತೋ ಇಲ್ಲೋ?

ಮೊದಲು ಆ ಸಂಶೋಧನೆ ಏನು ಹೇಳುತ್ತದೆ ನೋಡೋಣ. 1997ರಲ್ಲಿ ಇಂಗ್ಲೆಂಡಿನ ಫ್ರಾಂಸ್ವಾ ಮಟರಾಸೊ ಕಲಾ ಭಾಗವಹಿಸುವಿಕೆಯ ಸಾಮಾಜಿಕ ಪರಿಣಾಮಗಳ ಬಗ್ಗೆ ಒಂದು ವರದಿ ಪ್ರಕಟಿಸಿದರು. ಅದರಲ್ಲಿ ಐವತ್ತು ಒಳ್ಳೆಯ ಪರಿಣಾಮಗಳ ಪಟ್ಟಿಯೇ ಇದೆ. ಸರ್ಕಾರಗಳಿಗೆ ಇದು ಬಹಳ ರುಚಿಸಿತು, ಯಾಕಂದ್ರ ಕಲೆಗೆ ಕೊಡುವ ಹಣಕ್ಕೆ ಲೆಕ್ಕ ತೋರಿಸಲು ಒಂದು ದಾರಿ ಸಿಕ್ಕಿತು. 2002ರಲ್ಲಿ ಪಾವೊಲಾ ಮೆರ್ಲಿ ಎಂಬ ವಿದ್ವಾಂಸೆ ಈ ವರದಿಯನ್ನು ತರಾಟೆಗೆ ತೆಗೆದುಕೊಂಡರು. ಪ್ರಶ್ನಾವಳಿಯ ವಿಧಾನದಲ್ಲೇ ದೋಷವಿದೆ ಎಂಬುದು ಅವರ ಒಂದು ತಕರಾರು. ಇನ್ನೊಂದು ಇದಕ್ಕಿಂತ ಆಳವಾದದ್ದು: ಬಡವರ ಬದುಕಿನ ಸ್ಥಿತಿಯನ್ನು ಬದಲಿಸುವ ಬದಲು, ಆ ಸ್ಥಿತಿಯನ್ನು ಸಹಿಸಿಕೊಳ್ಳುವಂತೆ ಬಡವರನ್ನು ಬದಲಿಸಲು ಇಂಥ ಯೋಜನೆಗಳು ಹೊರಡುತ್ತವೆ. ಈ ಮಾತನ್ನು ಓದುವಾಗ ನಮ್ಮ ಹರಿಜನೋದ್ಧಾರದ ದಿನಗಳು ನೆನಪಾಗದೆ ಇರಲಾರವು.

ವೆನೆಜುವೆಲಾದ ‘ಎಲ್ ಸಿಸ್ಟೆಮಾ’ದ ಕಥೆಯೂ ತಿಳಿಯಬೇಕಾದದ್ದೇ. 1975ರಲ್ಲಿ ಹೋಸೆ ಅಂತೋನಿಯೊ ಅಬ್ರೆವು ಕಟ್ಟಿದ, ಮಕ್ಕಳ ವಾದ್ಯವೃಂದಗಳ ಈ ಬೃಹತ್ ಯೋಜನೆ ಬಡ ಮಕ್ಕಳ ಉದ್ಧಾರದ ಮಾದರಿಯೆಂದು ಜಗತ್ತಿಗೆಲ್ಲ ಪರಿಚಯವಾಯಿತು. ಜೆಫ್ರಿ ಬೇಕರ್ 2014ರ ತಮ್ಮ ಪುಸ್ತಕದಲ್ಲಿ ಅದರ ಒಳಗಿನ ಕಟ್ಟುನಿಟ್ಟಿನ ಯಜಮಾನಿಕೆಯನ್ನು ಬಿಚ್ಚಿಟ್ಟರು. ಆಮೇಲೆ 2017ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ 16 ಕೇಂದ್ರಗಳ 2,914 ಮಕ್ಕಳನ್ನು ಗಮನಿಸಿತು. ಅಲ್ಲಿ ಕಂಡದ್ದೇನು? ಆ ಪ್ರಾಂತ್ಯಗಳಲ್ಲಿ ಬಡತನದ ಪ್ರಮಾಣ ಶೇ. 46ರಷ್ಟಿದ್ದರೆ, ಯೋಜನೆಗೆ ಸೇರಿದ ಮಕ್ಕಳಲ್ಲಿ ಬಡವರು ಶೇ. 17ರಷ್ಟೇ ಇದ್ದರು. ಯಾರ ಹೆಸರಿನಲ್ಲಿ ವಾದ್ಯ ನುಡಿಯಿತೋ ಅವರೇ ಹೆಚ್ಚಾಗಿ ಹೊರಗೆ ನಿಂತಿದ್ದರು.

ಆದರೆ ನಮ್ಮ ಸಮಸ್ಯೆ ಇದಕ್ಕೆ ತೀರ ಉಲ್ಟಾ. ವೆನೆಜುವೆಲಾದ ಬಡ ಮಗು ಕಲೆಯ ಹೊರಗೆ ಉಳಿಯಿತು. ಕರ್ನಾಟಕದ ದಲಿತ ಎಂದೂ ಕಲೆಯ ಹೊರಗಿರಲಿಲ್ಲ. ಜಾತ್ರೆ, ಮದುವೆ, ಹೆಣ, ಡಂಗುರ, ದೇವರ ಮೆರವಣಿಗೆ ಎಲ್ಲದಕ್ಕೂ ಹಲಗಿ ಬೇಕು, ಹಲಗಿ ಬಡಿಯಲು ಅವನೇ ಬೇಕು. ಭಾಗವಹಿಸಿದವರ ತಲೆ ಎಣಿಸಿದರೆ ನಮ್ಮ ಹಳ್ಳಿಗಳಷ್ಟು ಒಳಗೊಳ್ಳುವ ಸಮುದಾಯ ಜಗತ್ತಿನಲ್ಲೇ ಇಲ್ಲವೆಂದು ತೀರ್ಮಾನ ಬರುತ್ತದೆ! ಎಣಿಕೆಯ ಸಂಶೋಧನೆ ಎಷ್ಟು ಸಲೀಸಾಗಿ ಜಾತಿ ಪದ್ಧತಿಗೆ ಸರ್ಟಿಫಿಕೇಟು ಕೊಡಬಲ್ಲದು ಎನ್ನುವುದಕ್ಕೆ ಬೇರೆ ಉದಾಹರಣೆ ಬೇಡ.

ಬೆಂಜಮಿನ್ ಬ್ರಿಟನ್ನನ ‘ನೋಯೀಸ್ ಫ್ಲಡ್’ ಎಂಬ ಗೀತನಾಟಕವನ್ನು ಇದರ ಪಕ್ಕ ಇಟ್ಟು ನೋಡಬಹುದು. 1958ರಲ್ಲಿ ಇಂಗ್ಲೆಂಡಿನ ಆರ್ಫರ್ಡ್ ಎಂಬ ಊರಿನ ಚರ್ಚಿನಲ್ಲಿ ಮೊದಲು ಆಡಿದ್ದು. ನೋಹನ ಮಹಾಪ್ರಳಯದ ಕಥೆ. ಪ್ರಾಣಿ ಪಕ್ಷಿಗಳಾಗಿ ಬರುವವರು ಸುತ್ತಲಿನ ಶಾಲಾ ಮಕ್ಕಳು. ನೋಡಲು ಬಂದವರೂ ಎದ್ದು ನಿಂತು ಪ್ರಾರ್ಥನಾ ಗೀತೆ ಹಾಡಬೇಕು. ಮೊದಲ ಮಳೆಹನಿಯ ಸದ್ದಿಗೆ ಆತ ಬಳಸಿದ್ದು ದಾರಕ್ಕೆ ತೂಗುಹಾಕಿದ ಚಹಾದ ಮಗ್ಗುಗಳನ್ನು. ಸಂಗೀತ ಕಲಿಯದ ಮಗುವೂ ಅದನ್ನು ಚಮಚದಿಂದ ಬಡಿಯಬಲ್ಲದು. ಯುವಜನರ ಗೀತನಾಟಕದ ಬಗ್ಗೆ ಬರೆಯುವವರು ಈ ಕೃತಿಯನ್ನು ಎತ್ತಿ ಹೇಳುವುದು ನ್ಯಾಯವೇ. ಇಂಗ್ಲೆಂಡಿನಲ್ಲಿ ವರ್ಗಭೇದ ಕಡಿಮೆಯೇನಲ್ಲ, ಅದು ಬೇರೆ ಮಾತು. ಆದರೆ ಚಹಾದ ಮಗ್ಗಿಗೆ ಜಾತಿಯಿಲ್ಲ. ಅದನ್ನು ಬಡಿದ ಮಗು ಯಾರ ಮಗ ಎಂದು ಮಗ್ಗಿನ ಸದ್ದು ಹೇಳುವುದಿಲ್ಲ. ಹಲಗಿಯ ಸದ್ದು ಹೇಳುತ್ತದೆ. ಸತ್ತ ದನದ ಚರ್ಮ, ಅದನ್ನು ಹದ ಮಾಡಿದ ಕೈ, ಊರ ಹೊರಗಿನ ಓಣಿ, ಇಷ್ಟೂ ಆ ಸದ್ದಿನಲ್ಲಿವೆ.

ಕಮಲಾಪುರ ಭಾಗದ ನಮ್ಮ ಕಾಲೇಜಿನ ಹುಡುಗರನ್ನು ಯುವಜನೋತ್ಸವಕ್ಕೆ ತಯಾರು ಮಾಡುವಾಗ ನಡೆದ ಒಂದು ಮಾತು ಹೇಳಬೇಕು. ಜಾನಪದ ವಾದ್ಯಮೇಳಕ್ಕೆ ಹಲಗಿ ಬೇಕಿತ್ತು. ಮನೆತನದಿಂದ ಹಲಗಿ ಬಂದ ಹುಡುಗನೊಬ್ಬ ತರಗತಿಯಲ್ಲಿದ್ದ. ಎಲ್ಲರ ಕಣ್ಣೂ ಅವನ ಕಡೆಗೇ. ಅವನು ಅಂದ: “ಸರ್, ಹಲಗಿ ನಾ ಬಡಿಯಂಗಿಲ್ರಿ. ನಾಟಕದಾಗ ಪಾರ್ಟ್ ಇದ್ರ ಕೊಡ್ರಿ.” ಅವನು ನಾಟಕದಲ್ಲಿ ಸೂತ್ರಧಾರನಾದ. ಹಲಗಿಯನ್ನು ಕಲಿತು ಬಡಿದವನು ಲಿಂಗಾಯತರ ಹುಡುಗ; ಚಪ್ಪಾಳೆ ಬಂತು. ಐದು ಅಂಕದ ಪ್ರಶ್ನಾವಳಿ ಹಿಡಿದು ಬಂದ ಸಂಶೋಧಕ ಇಲ್ಲಿ ಏನು ಬರೆದುಕೊಳ್ಳುತ್ತಾನೆ? ವಾದ್ಯಮೇಳದ ಕಾಲಂನಲ್ಲಿ ಆ ಹುಡುಗ ‘ಭಾಗವಹಿಸಿಲ್ಲ’. ನನ್ನ ಪ್ರಕಾರ ಆ ವರ್ಷ ನಮ್ಮ ಕಾಲೇಜಿನಲ್ಲಿ ನಡೆದ ಅತ್ಯಂತ ದೊಡ್ಡ ಸಾಂಸ್ಕೃತಿಕ ಕ್ರಿಯೆ ಆ ‘ಬಡಿಯಂಗಿಲ್ರಿ’ಯೇ. ಅದೇ ಹಲಗಿ ಒಬ್ಬನಿಗೆ ಹವ್ಯಾಸ, ಇನ್ನೊಬ್ಬನಿಗೆ ಬಿಟ್ಟಿ ಚಾಕರಿಯ ನೆನಪು. ಹೊಸದಾಗಿ ಕಲಿತವನಿಗೆ ಸಿಕ್ಕ ಚಪ್ಪಾಳೆ ತಲೆಮಾರಿನಿಂದ ಬಡಿದವನಿಗೆ ಯಾಕೆ ಸಿಗಲಿಲ್ಲ ಎಂಬುದು ಸಂಶೋಧನೆಗೆ ಯೋಗ್ಯವಾದ ಪ್ರಶ್ನೆ.

ಈ ಪ್ರಶ್ನೆ ಹೊಸದಲ್ಲ. ನಮ್ಮ ಗಡಿಯಾಚೆಯ ಮರಾಠಿ ನೆಲದಲ್ಲಿ ಇದು ನೂರು ವರ್ಷದ ಹಿಂದೆಯೇ ಎದ್ದಿದೆ. ಪಠ್ಠೆ ಬಾಪುರಾವ್ ಎಂಬ ಬ್ರಾಹ್ಮಣ ಕವಿ ತಮಾಷಾ ಸೇರಿ, ದಲಿತ ಕಲಾವಿದೆ ಪವಳಾಬಾಯಿಯ ಜೊತೆ ಮೇಳ ಕಟ್ಟಿ ಹೆಸರಾದವನು. ಮೇಲುನೋಟಕ್ಕೆ ಇದಕ್ಕಿಂತ ಜಾತ್ಯತೀತ ರಂಗಭೂಮಿ ಇನ್ನಾವುದಿದೆ? ಆದರೆ ಮಹಾಡದ ಹೋರಾಟಕ್ಕೆ ಅವನು ಕೊಡಬಂದ ಹಣವನ್ನು, ಅದು ನಮ್ಮ ಹೆಣ್ಣುಮಕ್ಕಳನ್ನು ಕುಣಿಸಿ ಗಳಿಸಿದ್ದು ಎಂಬ ಕಾರಣಕ್ಕೆ, ಅಂಬೇಡ್ಕರ್ ತಿರಸ್ಕರಿಸಿದರು ಎಂಬ ಪ್ರಸಂಗವನ್ನು ಮರಾಠಿ ದಲಿತ ವಲಯದಲ್ಲಿ ಮತ್ತೆ ಮತ್ತೆ ಹೇಳುತ್ತಾರೆ. ಶೈಲಜಾ ಪಾಯ್ಕ್ 2022ರಲ್ಲಿ ತಮಾಷಾದ ದಲಿತ ಮಹಿಳೆಯರ ಬಗ್ಗೆ ಬರೆದ ಪುಸ್ತಕ ಇದರ ಮುಂದಿನ ಗಂಟನ್ನೂ ಬಿಚ್ಚಿ ತೋರಿಸುತ್ತದೆ. ಕಲೆ ಆ ಹೆಣ್ಣುಮಕ್ಕಳಿಗೆ ಅನ್ನ ಕೊಟ್ಟಿತು, ಅದೇ ಕಲೆ ಅವರನ್ನು ‘ಅಶ್ಲೀಲ’ದ ಪಟ್ಟಿಗೂ ಸೇರಿಸಿತು. ಬಿಡು ಅಂದವರೂ ಅವರ ಹೊಟ್ಟೆಯ ಪಾಡು ಕೇಳಲಿಲ್ಲ. ನಮ್ಮ ಸಣ್ಣಾಟಗಳಲ್ಲಿ ಪಾತ್ರ ಮಾಡಿದ ಅನೇಕ ಹೆಣ್ಣುಮಕ್ಕಳು ದೇವದಾಸಿ ಹಿನ್ನೆಲೆಯಿಂದ ಬಂದವರು. 1982ರ ದೇವದಾಸಿ ನಿಷೇಧ ಕಾಯಿದೆ ಮುತ್ತು ಕಟ್ಟುವುದನ್ನು ಅಪರಾಧ ಮಾಡಿತು, ಸರಿಯಾದದ್ದೇ. ಆದರೆ ಆ ಗಂಟಲಿನ ಹಾಡಿಗೆ ಇನ್ನು ಯಾವ ಜಾಗ ಎಂಬುದನ್ನು ಯಾವ ಕಾಯಿದೆಯೂ ಬರೆಯಲಾರದು, ವಿಮರ್ಶೆ ಬರೆಯಬೇಕಿತ್ತು.

ತಮಾಷಾದ ಅದೇ ಚೌಕಟ್ಟಿನಿಂದ ಇನ್ನೊಂದು ದಾರಿಯೂ ಹೊರಟಿತು. 1930ರ ದಶಕದಲ್ಲಿ ಭೀಮರಾವ್ ಕರ್ಡಕ್ ನಾಸಿಕ್ ಭಾಗದ ದಲಿತ ಯುವಕರನ್ನು ಕಟ್ಟಿಕೊಂಡು ಅಂಬೇಡ್ಕರಿ ಜಲಸಾ ಆಡಿದರು. ಹಾಡು, ಮಾತು, ಅಭಿನಯ ಎಲ್ಲ ಇದ್ದ ಆಟ; ವಿಷಯ ಮಾತ್ರ ಶಿಕ್ಷಣ, ದೇವಸ್ಥಾನ ಪ್ರವೇಶ, ಸತ್ತ ದನದ ಮಾಂಸ ಬಿಡುವುದು. ಯುವಜನರ ಗೀತನಾಟಕ ಎಂಬ ಹೆಸರು ನಮ್ಮ ನಾಡಿನಲ್ಲಿ ಯಾವುದಕ್ಕಾದರೂ ಸಲ್ಲುವುದಾದರೆ ಮೊದಲು ಸಲ್ಲಬೇಕಾದದ್ದು ಇದಕ್ಕೆ. ಇಲ್ಲಿ ಯಾರೂ ಅವರನ್ನು ‘ಒಳಗೊಳ್ಳಲಿಲ್ಲ’. ಹಳೆಯ ಆಟದಲ್ಲಿ ಏನನ್ನು ಉಳಿಸಬೇಕು, ಏನನ್ನು ಕಿತ್ತೊಗೆಯಬೇಕು ಎಂದು ಅವರೇ ನಿರ್ಧರಿಸಿದರು. ಬ್ರಿಟನ್ನನ ಮಕ್ಕಳು ಬ್ರಿಟನ್ ಬರೆದದ್ದನ್ನು ಹಾಡಿದರು. ಜಲಸಾದ ಹುಡುಗರು ತಮ್ಮ ಕಥೆಯನ್ನೇ ತಿದ್ದಿದರು. ವ್ಯತ್ಯಾಸ ಸಣ್ಣದಲ್ಲ.

ಕನ್ನಡ ವಿಮರ್ಶೆಯ ವಿಂಗಡಣೆಯಲ್ಲೂ ಒಂದು ಪಂಕ್ತಿಭೇದ ಕೂತಿದೆ. ಪು.ತಿ.ನ. ಅವರ ‘ಗೋಕುಲ ನಿರ್ಗಮನ’ ನಮಗೆ ಗೀತನಾಟಕ, ಸಾಹಿತ್ಯ. ಹಾಡನ್ನೇ ಬೆನ್ನೆಲುಬು ಮಾಡಿಕೊಂಡ ‘ಸಂಗ್ಯಾ ಬಾಳ್ಯಾ’ ಮಾತ್ರ ಜಾನಪದ. ಎಚ್.ಕೆ. ರಂಗನಾಥರ ಕರ್ನಾಟಕ ರಂಗಭೂಮಿಯ ಅಧ್ಯಯನ 1960ರಲ್ಲಿ, ಚಂದ್ರಶೇಖರ ಕಂಬಾರರ ‘ಉತ್ತರ ಕರ್ನಾಟಕದ ಜನಪದ ರಂಗಭೂಮಿ’ 1980ರಲ್ಲಿ ಬಂದವು. ಈ ಆಟಗಳನ್ನು ವಿದ್ವತ್ತಿನ ಅಂಗಳಕ್ಕೆ ತಂದ ಆ ಕೆಲಸದ ಋಣ ದೊಡ್ಡದು. ಈಗ ಅದರ ಮುಂದಿನ ಕೆಲಸ ಬಾಕಿ ಇದೆ. ಮಟ್ಟು, ವೇಷ, ಕಥಾವಸ್ತುಗಳ ಜೊತೆಗೆ ಮೇಳದ ಒಳಗಿನ ಜಾತಿ ಸಂಬಂಧಗಳನ್ನು ಬರೆಯಬೇಕು. ಮಾಸ್ತರ ಯಾರು, ಹಿಮ್ಮೇಳದಲ್ಲಿ ಯಾರು, ವೀಳ್ಯದ ಹಣ ಯಾರ ಕೈಗೆ ಬರುತ್ತದೆ, ಬೆಳಗಿನ ಜಾವ ಆಟ ಮುಗಿದ ಮೇಲೆ ಯಾರು ಯಾರ ಮನೆಯಲ್ಲಿ ಊಟ ಮಾಡುತ್ತಾರೆ.

ಚಳವಳಿಯ ಕಡೆ ಬಂದರೆ ಚಿತ್ರ ಬದಲಾಗುತ್ತದೆ. 1975ರಲ್ಲಿ ಬಂದ ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’, ದಲಿತ ಸಂಘರ್ಷ ಸಮಿತಿಯ ಸಭೆಗಳು, ಸಮುದಾಯದ 1979ರ ಜಾಥಾ, ನಮ್ಮ ಕಲಬುರಗಿಯ ನೆಲದಲ್ಲಿ ಚೆನ್ನಣ್ಣ ವಾಲೀಕಾರರ ಹಾಡುಗಳು, ಇವೆಲ್ಲ ಹಾಡುವವನನ್ನು ಹಾಡಿನ ಒಡೆಯನನ್ನಾಗಿ ಮಾಡಿದವು. ಆಗ ಚಳವಳಿಯ ಒಳಗೇ ಒಂದು ಜಗಳ ಹುಟ್ಟಿತು, ಅದು ಇನ್ನೂ ಮುಗಿದಿಲ್ಲ. ಹಲಗಿ ಬಿಡಬೇಕೋ, ಹಿಡಿಯಬೇಕೋ? ಅದು ಅವಮಾನದ ಗುರುತು, ಬಿಸಾಕಿರಿ ಎಂದವರಿದ್ದಾರೆ. ಬಡಿಯಲು ಒಪ್ಪದ ಕೇರಿಗಳ ಮೇಲೆ ಊರಿನವರು ಬಹಿಷ್ಕಾರ ಹಾಕಿದ್ದಾರೆ. ಕಿರಾಣಿ ಅಂಗಡಿ, ಕೂಲಿ, ನೀರು ಎಲ್ಲ ಬಂದ್. ಇನ್ನೊಂದು ಕಡೆ, ಅದು ನಮ್ಮದು, ನಮ್ಮ ಮೆರವಣಿಗೆಯಲ್ಲಿ ನಮಗಾಗಿ ಬಡಿಯುತ್ತೇವೆ ಎಂದವರೂ ಇದ್ದಾರೆ. 2023ರಲ್ಲಿ ಚಿಕ್ಕಬಳ್ಳಾಪುರದ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂದಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಆದರೆ ಪ್ರಶಸ್ತಿ ಬಂತು, ಇನ್ನು ಬಡಿಯಲು ನಾಚಿಕೆ ಯಾಕೆ ಎಂದು ಆ ಹುಡುಗನಿಗೆ ಹೇಳುವ ಹಕ್ಕು ನನಗಿಲ್ಲ. ಎರಡೂ ಪಕ್ಷಗಳು ಒಂದೇ ನೆಲದ ಮೇಲೆ ನಿಂತಿವೆ: ಬಡಿಯುವುದೋ ಬಿಡುವುದೋ, ತೀರ್ಮಾನ ಬಡಿಯುವವನದು.

ಲಕ್ಷ್ಮಣ ಕೆ.ಪಿ. ನಿರ್ದೇಶಿಸಿದ ‘ದಕ್ಲಕಥಾ ದೇವಿಕಾವ್ಯ’ ಈ ತೀರ್ಮಾನವನ್ನು ರಂಗದ ಮೇಲೆ ತಂದ ಪ್ರಯೋಗ. ಕೆ.ಬಿ. ಸಿದ್ದಯ್ಯನವರ ಕಾವ್ಯ, ಅಸ್ಪೃಶ್ಯರಿಗೂ ಅಸ್ಪೃಶ್ಯರಾದ ದಕ್ಕಲರ ಲೋಕ, ತಮಟೆ ಮತ್ತು ಅರೆಯ ನಾದ. ಅಲ್ಲಿ ತಮಟೆ ದೇವರ ಮುಂದೆ ನಡೆಯುವುದಿಲ್ಲ, ಕಥೆಯ ಮಧ್ಯದಲ್ಲಿ ನಿಂತು ತಾನೇ ಮಾತಾಡುತ್ತದೆ. ದಲಿತರ ಒಳಗಿನ ಮೇಲು ಕೀಳನ್ನೂ ಅದು ಬಿಡುವುದಿಲ್ಲ. ನಾವು ಹೊಲೆಯ ಮಾದಿಗರು ಭಾಗವಹಿಸುವಿಕೆಯ ಬಗ್ಗೆ ಮಾತಾಡುವಾಗ ದಕ್ಕಲರು ಎಲ್ಲಿ ನಿಂತಿರುತ್ತಾರೆ ಎಂದು ಅದು ಕೇಳಿದಾಗ ಸಭಿಕರಲ್ಲಿ ನಮ್ಮವರಿಗೇ ಕಸಿವಿಸಿಯಾಗುತ್ತದೆ. ಆಗಬೇಕಾದದ್ದೇ.

ಹಂಗಾದ್ರ ನಮ್ಮ ವಿದ್ಯಾರ್ಥಿಗಳು ಇಂಥ ಸಂಶೋಧನೆ ಮಾಡಬಾರದೇ? ಮಾಡಬೇಕು. ಕಲಬುರಗಿ ಸುತ್ತ ಮೊಹರಂನಲ್ಲಿ ರಿವಾಯತ್ ಪದ ಹಾಡುವ ಹೆಜ್ಜೆಮೇಳದ ಹುಡುಗರಿದ್ದಾರೆ, ಅಂಬೇಡ್ಕರ್ ಜಯಂತಿಗೆ ಭೀಮಗೀತೆ ಹಾಡುವ ತಂಡಗಳಿವೆ. ಇವರ ಬಳಿಗೆ ಹೋಗುವಾಗ ‘ನಿಮಗೇನು ಲಾಭವಾಯಿತು’ ಎಂಬ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ. ಯಾರು ಕರೆದರು, ಕರೆದವರಿಗೆ ಇಲ್ಲ ಅಂದಿದ್ದರೆ ಏನಾಗುತ್ತಿತ್ತು, ಹಾಡಿನ ಒಂದು ಸಾಲು ಬದಲಿಸಬೇಕೆನಿಸಿದರೆ ಯಾರನ್ನು ಕೇಳಬೇಕು ಎಂದು ಮೊದಲು ಕೇಳಿ. ಮೇಳದಲ್ಲಿ ಈಗ ಇರುವವರನ್ನಷ್ಟೇ ಮಾತಾಡಿಸಿ ಬರಬೇಡಿ. ಬಿಟ್ಟು ಪುಣೆಗೋ ಮುಂಬಯಿಗೋ ಕೂಲಿಗೆ ಹೋದವರು, ಹಲಗಿಯನ್ನು ಅಟ್ಟದ ಮೇಲಿಟ್ಟವರು, ಮಗನಿಗೆ ಕಲಿಸಲು ಒಪ್ಪದ ತಂದೆ, ಮದುವೆಯಾದ ಮೇಲೆ ಹಾಡು ನಿಲ್ಲಿಸಿದ ಹೆಣ್ಣುಮಗಳು, ಇವರ ಮನೆಗೂ ಹೋಗಿ. ಟೇಪು ಆನ್ ಮಾಡುವ ಮೊದಲು ಒಂದು ಕಪ್ ಚಹಾ ಕುಡಿಯಿರಿ, ಅವರ ಮನೆಯ ಲೋಟದಲ್ಲಿ.