ಬಿಸಿಲೇರಿದಾಗ ನಿಂತುಬಿಡುವ ವಾಹನ

ಮಾರ್ಚಿ, ಏಪ್ರಿಲ್ ತಿಂಗಳುಗಳಲ್ಲಿ ಕಲ್ಲಿಕೋಟೆಯ ಕಡೆಯಿಂದ ಹೊರಟು ವಯನಾಡಿನ ಘಟ್ಟವನ್ನೇರುವವರಿಗೆ, ಬಾನೆಟ್ಟು ತೆರೆದುಕೊಂಡು ರಸ್ತೆಯ ಅಂಚಿನಲ್ಲಿ ನಿಂತ ಒಂದಾದರೂ ವಾಹನವು ಕಣ್ಣಿಗೆ ಬೀಳದಿರುವುದು ಅಪರೂಪ. ಮಲೆಯಾಳದಲ್ಲಿ ಚುರವೆಂದು ಕರೆಯಲಾಗುವ ಈ ದಾರಿಯು ಅಡಿವಾರದಿಂದ ಲಕ್ಕಿಡಿಯವರೆಗೆ ಸುಮಾರು ೧೨ ಕಿಲೋಮೀಟರು. ಅಷ್ಟರೊಳಗೆ ಒಂಬತ್ತು ಕಡಿದಾದ ತಿರುವುಗಳನ್ನು ದಾಟಿ, ಸಮುದ್ರಮಟ್ಟದಿಂದ ೭೦೦ ಮೀಟರು ಎತ್ತರಕ್ಕೆ ಏರಬೇಕು. ಮುಂದೆ ಭಾರದ ಲಾರಿಯೊಂದಿದ್ದರೆ ಹಿಂದಿನ ಸಾಲೆಲ್ಲವೂ ಆಮೆಯ ನಡಿಗೆಯಲ್ಲಿಯೇ ಸಾಗಬೇಕು. ಎಂಜಿನು ದುಡಿಯುವುದು ಬಹಳ. ಎದುರಿನಿಂದ ನುಗ್ಗಿ ಅದನ್ನು ತಣಿಸಬೇಕಾದ ಗಾಳಿ ಅತ್ಯಲ್ಪ.

ಹೀಗೆ ನಿಂತ ವಾಹನವು ಅರ್ಧ ಗಂಟೆಯ ತರುವಾಯ ಏನೂ ಆಗದಂತೆ ಹೊರಡುತ್ತದೆ. ಮರುದಿನ ಬೆಳಗ್ಗೆ ಕಲ್ಪೆಟ್ಟೆಯದೋ ಬತ್ತೇರಿಯದೋ ಕಾರ್ಖಾನೆಗೆ ಒಯ್ದರೆ ಒಂದೇ ತಿರುವಿಗೆ ಚಾಲೂ ಆಗುತ್ತದೆ. ಜ್ವರ ಇಳಿದ ಮೇಲೆ ವೈದ್ಯರ ಮುಂದೆ ಕುಳಿತ ರೋಗಿಯಂತೆ ಅದರ ಸ್ಥಿತಿ. ಮೆಕ್ಯಾನಿಕನು ಊಹೆಯ ಮೇಲೆ ಇಂದು ಪಂಪು, ನಾಳೆ ಕಾಯಿಲ್, ನಾಡಿದ್ದು ಪ್ಲಗ್ಗು ಎಂದು ಬದಲಾಯಿಸುತ್ತ ಹೋಗುತ್ತಾನೆ. ದೋಷ ಅವನದೊಬ್ಬನದೇ ಅಲ್ಲ. ಈ ರೋಗದ ಲಕ್ಷಣಗಳು ಕಾಣಸಿಗುವುದು ಎಂಜಿನು ಕಾದಿರುವ ಆ ಅರ್ಧ ಗಂಟೆಯಲ್ಲಿ ಮಾತ್ರ. ಆಗ ಸ್ಥಳದಲ್ಲಿರುವವರು ವಾಹನದವರೇ ಹೊರತು ಮೆಕ್ಯಾನಿಕನಲ್ಲ. ಆದುದರಿಂದ ಮೊದಲ ಪರೀಕ್ಷೆಯನ್ನು ಅವರೇ ಮಾಡತಕ್ಕದ್ದು.

ವಾಹನವನ್ನು ಅಂಚಿಗೆ ಸರಿಸಿ, ಕೈಬ್ರೇಕು ಎಳೆದು, ಗಾಲಿಗೆ ಕಲ್ಲು ಕೊಟ್ಟು, ಮಕ್ಕಳನ್ನು ರಸ್ತೆಯಿಂದ ದೂರ ನಿಲ್ಲಿಸಿದ ಬಳಿಕ ಉಷ್ಣಮಾಪಕದ ಮುಳ್ಳನ್ನು ನೋಡಬೇಕು. ಅದು ಕೆಂಪು ಗೆರೆ ದಾಟಿದ್ದರೆ ರೋಗವೇ ಬೇರೆ: ನೀರಿನ ಕೊರತೆಯೋ, ಫ್ಯಾನಿನ ದೋಷವೋ ಇರಬೇಕು. ಕಾದ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಲೇಬಾರದು. ಮುಳ್ಳು ತನ್ನ ಸ್ಥಾನದಲ್ಲಿಯೇ ಇದ್ದು ಎಂಜಿನು ನಿಂತಿದ್ದರೆ ಮಾತ್ರ ಮುಂದಿನ ವಿಚಾರ. ಪೆಟ್ರೋಲು ಎಂಜಿನಿಗೆ ದೊರೆಯದೆ ಹೋದದ್ದು ಇಂಧನವೋ, ಕಿಡಿಯೋ?

ಮನೆಯಲ್ಲಿ ಇನ್ನೂ ಹಳೆಯ ಅಂಬಾಸಿಡರನ್ನೋ ಪದ್ಮಿನಿಯನ್ನೋ ಅಭಿಮಾನದಿಂದ ಇಟ್ಟುಕೊಂಡವರು ಮೊದಲು ಇಂಧನವನ್ನೇ ಶಂಕಿಸಬೇಕು. ಪೆಟ್ರೋಲು ಒಂದೇ ದ್ರವವಲ್ಲ, ಹಲವು ದ್ರವಗಳ ಮಿಶ್ರಣ. ಅದರ ಅತಿ ಹಗುರವಾದ ಭಾಗವು ೪೦ ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿಯೇ ಕುದಿಯತೊಡಗುತ್ತದೆ. ಈ ಬಗೆಯ ಕಾರುಗಳಲ್ಲಿ ಪಂಪು ಬಹುಮಟ್ಟಿಗೆ ಎಂಜಿನಿನ ಮೈಗೇ ಅಂಟಿಕೊಂಡಿದ್ದು, ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಹೀರಿಕೊಳ್ಳುತ್ತದೆ. ಹೀರುವಾಗ ಕೊಳವೆಯಲ್ಲಿ ಒತ್ತಡ ತಗ್ಗುತ್ತದೆ. ಲಕ್ಕಿಡಿಯ ಎತ್ತರದಲ್ಲಿ ಗಾಳಿಯ ಒತ್ತಡವೂ ಬಯಲಿಗಿಂತ ನೂರಕ್ಕೆ ಸುಮಾರು ಎಂಟರಷ್ಟು ಕಡಮೆ. ಒತ್ತಡ ತಗ್ಗಿದಲ್ಲಿ ಕುದಿತ ಬೇಗ. ದ್ರವವನ್ನು ತಳ್ಳಬಲ್ಲ ಪಂಪು ಆವಿಯನ್ನು ತಳ್ಳಲಾರದೆ ಸುಮ್ಮನೆ ಬಡಿದುಕೊಳ್ಳುತ್ತಿರುತ್ತದೆ. ಒದ್ದೆ ಬಟ್ಟೆಯನ್ನು ಪಂಪಿನ ಮೇಲೂ ಕೊಳವೆಯ ಮೇಲೂ ಹೊದಿಸಿದ ಕೆಲವೇ ನಿಮಿಷಗಳಲ್ಲಿ ಎಂಜಿನು ಎಚ್ಚತ್ತರೆ, ರೋಗ ಇದೇ ಎಂದು ಬಹುಮಟ್ಟಿಗೆ ನಿರ್ಧರಿಸಬಹುದು.

ಚಹಾ ಕುಡಿಯಲು ಹತ್ತು ನಿಮಿಷ ನಿಲ್ಲಿಸಿದ ಕಾರು ಮತ್ತೆ ಹೊರಡದಿರುವುದು ಇದರದೇ ಇನ್ನೊಂದು ಮುಖ. ಎಂಜಿನನ್ನು ಆರಿಸಿದೊಡನೆ ನೀರಿನ ಸಂಚಾರ ನಿಲ್ಲುತ್ತದೆ; ಬಾನೆಟ್ಟಿನೊಳಗಿನ ಸೆಕೆ ಇಳಿಯುವ ಮೊದಲು ಸ್ವಲ್ಪ ಏರುತ್ತದೆ. ಆಗ ಕಾರ್ಬ್ಯುರೇಟರಿನೊಳಗಿನ ಪೆಟ್ರೋಲು ಕುದಿದು ಎಂಜಿನಿನೊಳಕ್ಕೆ ಉಕ್ಕುತ್ತದೆ. ಪೆಟ್ರೋಲಿನ ವಾಸನೆ ದಟ್ಟವಾಗಿ ಬರುವುದೇ ಗುರುತು. ಆಕ್ಸಿಲರೇಟರನ್ನು ಮತ್ತೆ ಮತ್ತೆ ಒತ್ತುವುದು ಬೆಂಕಿಗೆ ತುಪ್ಪ ಸುರಿದಂತೆ. ಪೂರ್ತಿ ಒತ್ತಿ ಹಿಡಿದು ಸ್ಟಾರ್ಟರು ತಿರುಗಿಸಿದರೆ ಹೆಚ್ಚುವರಿ ಪೆಟ್ರೋಲು ಹೊರಬಿದ್ದು ಎಂಜಿನು ಹೊತ್ತಿಕೊಳ್ಳುತ್ತದೆ. ಈಚೆಗೆ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಸೇರುತ್ತಿರುವುದನ್ನೂ ಹಳೆಯ ಕಾರಿನವರು ಗಮನದಲ್ಲಿಡಬೇಕು. ಅದು ಆ ಕಾಲದ ರಬ್ಬರು ಕೊಳವೆಗಳನ್ನು ಮೆತ್ತಗಾಗಿಸಬಲ್ಲುದು.

ಇಂಧನ ಸರಿಯಾಗಿದ್ದು ಕಿಡಿಯೇ ಇಲ್ಲವೆಂದರೆ ಸಾಮಾನ್ಯವಾಗಿ ಅಪರಾಧಿ ಇಗ್ನಿಷನ್ ಕಾಯಿಲ್ ಅಥವಾ ಕಂಡೆನ್ಸರು. ಕಾಯಿಲಿನೊಳಗಿನ ತಂತಿಯ ಸುರುಳಿಯು ಬಿಸಿಗೆ ಹಿಗ್ಗಿ ಎಲ್ಲಿಯೋ ಸಂಪರ್ಕ ಕಳೆದುಕೊಳ್ಳುತ್ತದೆ. ತಣಿದಾಗ ಮತ್ತೆ ಕೂಡಿಕೊಳ್ಳುತ್ತದೆ. ಹಳೆಯ ಕಾರಿನಲ್ಲಿ ಹೆಚ್ಚುವರಿ ಪ್ಲಗ್ಗೊಂದನ್ನು ತಂತಿಗೆ ಸಿಕ್ಕಿಸಿ, ಎಂಜಿನಿನ ಲೋಹಕ್ಕೆ ತಾಗಿಸಿಟ್ಟು, ಇನ್ನೊಬ್ಬರಿಂದ ಸ್ಟಾರ್ಟರು ತಿರುಗಿಸಿ ನೋಡಬಹುದು. ನೀಲಿ ಕಿಡಿ ಆರೋಗ್ಯದ ಲಕ್ಷಣ. ಕಿಡಿ ಮಂಕಾಗಿ ಹಳದಿಯಾಗಿದ್ದರೆ ಅಥವಾ ಬಾರದಿದ್ದರೆ ದೋಷ ಸಿಕ್ಕಿತು. ಪೆಟ್ರೋಲಿನ ವಾಸನೆ ಇರುವಾಗ ಈ ಸಾಹಸ ಕೂಡದು. ಇಂದಿನ ಎಲೆಕ್ಟ್ರಾನಿಕ್ ವಾಹನಗಳಲ್ಲಂತೂ ಎಂದಿಗೂ ಕೂಡದು. ಅಲ್ಲಿಯ ವಿದ್ಯುತ್ತಿನ ಒತ್ತಡ ಬಹಳ ಹೆಚ್ಚು.

ಹೊಸ ವಾಹನಗಳಲ್ಲಿ ಪಂಪು ಟ್ಯಾಂಕಿನೊಳಗೇ ಇದ್ದು ಪೆಟ್ರೋಲನ್ನು ಒತ್ತಡದಿಂದ ಮುಂದಕ್ಕೆ ತಳ್ಳುವುದರಿಂದ ಆವಿಯ ಕಾಟ ವಿರಳ. ಅಲ್ಲಿ ಬಿಸಿಗೆ ಸೋಲುವುದು ಹೆಚ್ಚಾಗಿ ಕ್ರ್ಯಾಂಕ್ ಸೆನ್ಸರು ಎಂಬ ಹೆಬ್ಬೆರಳಿನಷ್ಟು ಚಿಕ್ಕ ಬಿಡಿಭಾಗ. ಎಂಜಿನು ಎಷ್ಟು ವೇಗದಲ್ಲಿ ಸುತ್ತುತ್ತಿದೆಯೆಂದು ಗಣಕಕ್ಕೆ ತಿಳಿಸುವುದು ಇದರ ಕೆಲಸ. ಸುದ್ದಿ ನಿಂತರೆ ಗಣಕವು ಕಿಡಿಯನ್ನೂ ಇಂಧನವನ್ನೂ ಒಟ್ಟಿಗೆ ನಿಲ್ಲಿಸಿಬಿಡುತ್ತದೆ. ಸ್ಟಾರ್ಟರು ತಿರುಗಿಸುವಾಗ ಸುತ್ತುಗಳನ್ನು ತೋರಿಸುವ ಮುಳ್ಳು ಸೊನ್ನೆಯಿಂದ ಕದಲದಿದ್ದರೆ, ಖಚಿತವಲ್ಲದಿದ್ದರೂ, ಬಲವಾದ ಸುಳಿವು ಸಿಕ್ಕಿದಂತೆ.

ಡೀಸೆಲ್ ಜೀಪಿನ ಕಥೆ ಬೇರೆ. ಅಲ್ಲಿ ಕಿಡಿಯ ಪ್ರಶ್ನೆಯೇ ಇಲ್ಲ. ಬಿಸಿಯಾದ ಡೀಸೆಲ್ ತೆಳ್ಳಗಾಗಿ, ಸವೆದ ಇಂಜೆಕ್ಷನ್ ಪಂಪಿನ ಸಂದುಗಳಲ್ಲಿ ಸೋರಿ, ಸಾಕಷ್ಟು ಒತ್ತಡ ಹುಟ್ಟುವುದಿಲ್ಲ. ಪಂಪಿಗೆ ಒದ್ದೆ ಬಟ್ಟೆ ಹೊದಿಸಿದೊಡನೆ ಜೀಪು ಹೊರಟರೆ ಪಂಪಿನ ದುರಸ್ತಿಯನ್ನು ಮುಂದೂಡಬಾರದು.

ಬಿಸಿಲಿನ ಮೇಲೆ ಅಪವಾದ ಹೊರಿಸುವ ಕಳ್ಳನೊಬ್ಬನುಂಟು: ಟ್ಯಾಂಕಿನ ಮುಚ್ಚಳ. ಗಾಳಿಯಾಡುವ ರಂಧ್ರ ಮುಚ್ಚಿದ್ದರೆ, ಪೆಟ್ರೋಲು ಕಡಮೆಯಾದಂತೆ ಒಳಗೆ ನಿರ್ವಾತ ಉಂಟಾಗಿ ಪಂಪು ಸೋಲುತ್ತದೆ. ಮುಚ್ಚಳ ತೆರೆದಾಗ ಬುಸ್ಸೆಂದು ಗಾಳಿ ಒಳನುಗ್ಗಿ, ಎಂಜಿನು ಆ ಕೂಡಲೇ ಚಾಲೂ ಆದರೆ ಖರ್ಚು ಅಲ್ಪದಲ್ಲಿಯೇ ಮುಗಿಯಿತು.

ಕಂಡದ್ದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಕಾರ್ಖಾನೆಗೆ ಕೊಡಬೇಕು: ಎಷ್ಟು ದೂರ ಓಡಿದ ಮೇಲೆ ನಿಂತಿತು, ಕೆಮ್ಮಿ ನಿಂತಿತೋ ದೀಪ ಆರಿದಂತೆ ಥಟ್ಟನೆ ನಿಂತಿತೋ, ಏನು ಮಾಡಿದಾಗ ಹೊರಟಿತು. ಕೆಮ್ಮಿ ಕುಗ್ಗಿ ನಿಂತರೆ ಇಂಧನದ ಕಡೆಗೂ, ಥಟ್ಟನೆ ನಿಂತರೆ ವಿದ್ಯುತ್ತಿನ ಕಡೆಗೂ ಶಂಕೆ ವಾಲುತ್ತದೆ.

ಚುರದಲ್ಲಿ ನಿಂತವರಿಗೆ ನೆರವಿಗೆ ಜನರಾದರೂ ಇದ್ದಾರೆ. ಮುತ್ತಂಗ ದಾಟಿ ಗುಂಡ್ಲುಪೇಟೆಯತ್ತ ಸಾಗುವ ಬಂಡೀಪುರದ ಕಾಡಿನಲ್ಲಿ ಹಾಗಲ್ಲ. ಅಲ್ಲಿ ಆನೆಗಳು ರಸ್ತೆಗಿಳಿಯುತ್ತವೆ, ವಾಹನದಿಂದ ಇಳಿದು ಪರೀಕ್ಷೆಗೆ ತೊಡಗುವುದು ಅಪಾಯಕರ. ೨೦೦೯ರಿಂದ ರಾತ್ರಿ ೯ರಿಂದ ಬೆಳಗ್ಗೆ ೬ರವರೆಗೆ ಆ ದಾರಿಯಲ್ಲಿ ಸಾಮಾನ್ಯ ವಾಹನಗಳಿಗೆ ನಿರ್ಬಂಧವೂ ಇದೆ. ಮೈಸೂರಿನ ಮದುವೆಗೆ ಇಂಥ ಕಾರಿನಲ್ಲಿಯೇ ಹೋಗಬೇಕಾದವರು ಬೆಳಗ್ಗೆ ಆರರ ಗೇಟಿಗೆ ಸರಿಯಾಗಿ ಹೊರಟು ತಂಪುಹೊತ್ತಿನಲ್ಲಿಯೇ ಕಾಡು ದಾಟುವುದು ಲೇಸು. ಹಿಂದಿರುಗುವಾಗ ಎರಡು ಬಾರಿ ತಣಿಸಲು ಬೇಕಾದ ಒಂದು ಗಂಟೆಯನ್ನು ಲೆಕ್ಕಕ್ಕೆ ಹಿಡಿದು, ಆ ನಿಲುಗಡೆಯನ್ನು ಗುಂಡ್ಲುಪೇಟೆಯಲ್ಲಿಯೇ ಮುಗಿಸಿಕೊಳ್ಳಬೇಕು.