ಮಣ್ಣಿನಡಿಯ ಹಳೆಯ ನಾಣ್ಯ: ಹುಡುಕುವ ಮುನ್ನ ತಿಳಿದಿರಲಿ



ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕೋಲಿನ ತುದಿಯ ತಟ್ಟೆಯನ್ನು ಹುಲ್ಲಿನ ಮೇಲೆ ಅತ್ತಿತ್ತ ಆಡಿಸುತ್ತಾ ನಡೆಯುವವರನ್ನು ನೀವು ನೋಡಿರಬಹುದು. ಅವರ ಕೈಯಲ್ಲಿರುವುದು ಮೆಟಲ್ ಡಿಟೆಕ್ಟರ್. ಮಕ್ಕಳಿಗೂ ಬಹಳ ಹಿಡಿಸುವ ಹವ್ಯಾಸ ಇದು. ಆದರೆ ಎಲ್ಲಿ ಅಗೆಯಬಹುದು, ಎಲ್ಲಿ ಅಗೆಯಬಾರದು ಎಂದು ತಿಳಿಯದೆ ಹೊರಟರೆ ತೊಂದರೆ ತಪ್ಪಿದ್ದಲ್ಲ.

ಇದು ಕೆಲಸ ಮಾಡುವ ರೀತಿ ಸರಳ. ತಟ್ಟೆಯೊಳಗೆ ತಾಮ್ರದ ತಂತಿಯ ಎರಡು ಸುರುಳಿಗಳಿರುತ್ತವೆ. ಒಂದರಲ್ಲಿ ಹರಿಯುವ ವಿದ್ಯುತ್ತು ಸದಾ ಬದಲಾಗುವ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ನೆಲದಲ್ಲಿ ಲೋಹವಿದ್ದರೆ ಅದರೊಳಗೂ ಸಣ್ಣ ವಿದ್ಯುತ್ ಸುಳಿಗಳು ಹುಟ್ಟುತ್ತವೆ. ಅವುಗಳ ಸಿಗ್ನಲ್ ಅನ್ನು ಎರಡನೆಯ ಸುರುಳಿ ಹಿಡಿಯುತ್ತದೆ. ಹೋದ ಸಿಗ್ನಲ್‌ಗಿಂತ ಬಂದದ್ದು ಎಷ್ಟು ಹಿಂದೆ ಬಿದ್ದಿದೆ ಎಂಬುದರಿಂದ ಅದು ಕಬ್ಬಿಣವೋ ಬೆಳ್ಳಿಯೋ ಎಂದು ಯಂತ್ರ ಅಂದಾಜು ಮಾಡುತ್ತದೆ. ಅಂದಾಜು ಮಾತ್ರ! ಸೋಡಾ ಕ್ಯಾನಿನ ಪುಲ್‌ಟ್ಯಾಬ್ ಕೂಡ ನಾಣ್ಯದಂತೆಯೇ ಸದ್ದು ಮಾಡಬಲ್ಲದು. ಜಾರ್ಜಿಯಾದ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚಿರುವುದರಿಂದ ಮೊದಲು 'ಗ್ರೌಂಡ್ ಬ್ಯಾಲೆನ್ಸ್' ಮಾಡಿಕೊಳ್ಳಬೇಕು.

ಈ ತಂತ್ರಕ್ಕೆ ವಾಷಿಂಗ್ಟನ್ ಡಿಸಿಯ ನಂಟಿದೆ. 1881ರ ಜುಲೈನಲ್ಲಿ ಅಧ್ಯಕ್ಷ ಗಾರ್‌ಫೀಲ್ಡ್ ಅವರಿಗೆ ಗುಂಡು ತಗುಲಿದಾಗ, ದೇಹದೊಳಗಿನ ಗುಂಡನ್ನು ಹುಡುಕಲು ಟೆಲಿಫೋನ್ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ಇದೇ ತತ್ವದ ಉಪಕರಣ ತಂದಿದ್ದರು. ಗುಂಡು ಸಿಗಲಿಲ್ಲ, ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷರು ತೀರಿಕೊಂಡರು.

ಸಿಕ್ಕ ನಾಣ್ಯಗಳೆಲ್ಲ ಒಂದೇ ರೀತಿ ಇರುವುದಿಲ್ಲ. 1964 ಮತ್ತು ಅದಕ್ಕೂ ಹಿಂದಿನ ಡೈಮ್, ಕ್ವಾರ್ಟರ್‌ಗಳಲ್ಲಿ ಶೇ. 90 ಬೆಳ್ಳಿಯಿದೆ. ದಶಕಗಳು ಕಳೆದರೂ ಅವು ಹೊಳೆಯುತ್ತಲೇ ಮೇಲೆ ಬರುತ್ತವೆ. ತಾಮ್ರದ ಹಳೆಯ ಸೆಂಟ್‌ಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. 1982ರಲ್ಲಿ ಸೆಂಟ್‌ ನಾಣ್ಯವನ್ನು ಸತುವಿನಲ್ಲಿ ಮಾಡಿ ಮೇಲೆ ತೆಳುವಾಗಿ ತಾಮ್ರ ಲೇಪಿಸತೊಡಗಿದರು. ಆ ಲೇಪ ಎಲ್ಲಾದರೂ ಕಿತ್ತರೆ ಒಳಗಿನ ಸತು ಬೇಗ ಕೊರೆದುಹೋಗುತ್ತದೆ. ಆದ್ದರಿಂದ ಹೆಚ್ಚು ಸವೆದದ್ದೇ ಹೆಚ್ಚು ಹಳೆಯದು ಎಂದುಕೊಳ್ಳಬೇಡಿ!

ಇನ್ನೊಂದು ಮಾತು. ಪೂಜೆಯ ಪಾತ್ರೆ ಬೆಳಗಿದಂತೆ ಹುಣಸೇಹಣ್ಣು ಹಾಕಿ ಉಜ್ಜಬೇಡಿ. ಹುಳಿ ಕಿಲುಬನ್ನಷ್ಟೇ ತಿನ್ನುವುದಿಲ್ಲ, ಅಕ್ಷರ ಮತ್ತು ಇಸವಿಯನ್ನೂ ತಿನ್ನುತ್ತದೆ. ಸಂಗ್ರಾಹಕರ ಕಣ್ಣಲ್ಲಿ ಬೆಲೆಯೂ ಇಳಿಯುತ್ತದೆ. ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ ಮಣ್ಣು ಬಿಡಿಸಿ, ಒಣಗಿಸಿದರೆ ಸಾಕು.

ಈಗ ಮುಖ್ಯ ವಿಷಯ. ನಿಮ್ಮ ಸ್ವಂತ ಹಿತ್ತಲಲ್ಲಿ ಅಡ್ಡಿಯಿಲ್ಲ. ಬೇರೆಯವರ ಜಾಗವಾದರೆ ಬರಹದಲ್ಲಿ ಅನುಮತಿ ಪಡೆಯಿರಿ. ನ್ಯಾಷನಲ್ ಪಾರ್ಕ್ ಸರ್ವೀಸ್‌ನ ಜಾಗಗಳಿಗೆ ಡಿಟೆಕ್ಟರ್ ಒಯ್ಯುವುದೇ ನಿಷಿದ್ಧ. ಕೆನೆಸಾ ಮೌಂಟನ್ ಯುದ್ಧಭೂಮಿಯಷ್ಟೇ ಅಲ್ಲ, ಸುವಾನಿಗೆ ಹತ್ತಿರದ ಚಟಾಹೂಚಿ ನದಿಯ ದಡದ ಸೆಟಲ್ಸ್ ಬ್ರಿಡ್ಜ್ ಕೂಡ ಅದರಲ್ಲಿ ಸೇರಿದೆ. 1979ರ ಪುರಾತತ್ವ ಸಂರಕ್ಷಣಾ ಕಾಯ್ದೆಯಡಿ ದಂಡವಷ್ಟೇ ಅಲ್ಲ, ಜೈಲೂ ಆಗಬಹುದು. ವೀಸಾ ಅಥವಾ ಗ್ರೀನ್ ಕಾರ್ಡ್‌ಗೆ ಕಾಯುತ್ತಿರುವವರಿಗೆ ಇಂಥದೊಂದು ಕೇಸು ಬೇಕೇ? ಅಂತರ್ಯುದ್ಧ ನಡೆದ ಈ ನೆಲದಲ್ಲಿ ಸಿಡಿಯದ ಹಳೆಯ ಗುಂಡುಗಳೂ ಇವೆ. ಅನುಮಾನ ಬಂದರೆ ಮುಟ್ಟದೆ ದೂರ ಸರಿದು 911ಕ್ಕೆ ಕರೆ ಮಾಡಿ.

ಕಾಯ್ದೆ ಇಷ್ಟು ಬಿಗಿಯಾಗಿರಲು ಕಾರಣವಿದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಶಾತವಾಹನರ ಕಾಲದ ಸೀಸದ ನಾಣ್ಯಗಳೂ ರೋಮನ್ ಬೆಳ್ಳಿ ನಾಣ್ಯಗಳೂ ದೊರೆತವು. ಯಾವ ಪದರದಲ್ಲಿ, ಯಾವ ಮಡಕೆ ಚೂರಿನ ಜೊತೆ ನಾಣ್ಯ ಸಿಕ್ಕಿತು ಎಂದು ಬರೆದಿಟ್ಟರೆ ಇಡೀ ಊರಿನ ಕಾಲ ತಿಳಿಯುತ್ತದೆ. ಅದನ್ನು ಸುಮ್ಮನೆ ಕಿತ್ತು ಜೇಬಿಗೆ ಹಾಕಿಕೊಳ್ಳುವುದೆಂದರೆ ಲಾಗ್ ಫೈಲಿನಿಂದ ದಿನಾಂಕ ಅಳಿಸಿದಂತೆ; ವಸ್ತು ಉಳಿಯುತ್ತದೆ, ಅರ್ಥ ಹೋಗುತ್ತದೆ.

ಊರಿಗೆ ಹೋದಾಗಲೂ ಎಚ್ಚರವಿರಲಿ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು. ಅಜ್ಜಿ ಪ್ರೀತಿಯಿಂದ ಕೊಟ್ಟದ್ದಾದರೂ ಅದನ್ನು ಸೂಟ್‌ಕೇಸಿನಲ್ಲಿ ಭಾರತದಿಂದ ಹೊರಗೆ ತರುವಂತಿಲ್ಲ. ಅದು ಅಲ್ಲೇ ಮನೆಯವರ ಬಳಿ ಇರಲಿ. ಅದರ ಫೋಟೋ ಮತ್ತು ಅಜ್ಜಿ ಹೇಳುವ ಕತೆಯನ್ನು ತನ್ನಿ.

ಹಳೆಯ ನಾಣ್ಯ ನೋಡುವ ಆಸೆಯಿದ್ದರೆ ಮಕ್ಕಳನ್ನು ಡಾಲೋನೆಗಾದ ಗೋಲ್ಡ್ ಮ್ಯೂಸಿಯಂಗೆ ಕರೆದೊಯ್ಯಿರಿ. 1838ರಿಂದ 1861ರವರೆಗೆ ಆ ಊರಿನಲ್ಲೇ ಚಿನ್ನದ ನಾಣ್ಯಗಳನ್ನು ಟಂಕಿಸುತ್ತಿದ್ದರು. ಆಮೇಲೆ ಹಿತ್ತಲಿನಿಂದಲೇ ಶುರುಮಾಡಿ, ತೋಡಿದ ಗುಂಡಿಯನ್ನು ಮುಚ್ಚಲು ಮರೆಯಬೇಡಿ. ಶುಭವಾಗಲಿ!