ಶ್ವಾಸಕೋಶದ ಬಿ.ಪಿ. ನೋಡುವುದು ಹೇಗೆ?

ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿಕೊಳ್ಳುವುದು ಈಗ ಮನೆಮನೆಯ ಮಾತು. ಆದರೆ ಹೃದಯದ ಬಲಭಾಗದಿಂದ ಶ್ವಾಸಕೋಶಕ್ಕೆ ರಕ್ತ ಒಯ್ಯುವ ಪಲ್ಮನರಿ ಅಪಧಮನಿ ಎದೆಗೂಡಿನೊಳಗೆ ಹುದುಗಿಕೊಂಡಿದೆ. ಅಲ್ಲಿ ಒತ್ತಡ ಏರಿದವರಿಗೆ ಮೆಟ್ಟಿಲು ಹತ್ತಿದರೆ ಏದುಸಿರು, ಕಾಲಲ್ಲಿ ಊತ, ಒಮ್ಮೊಮ್ಮೆ ತಲೆಸುತ್ತು. ತೋಳಿನ ಬಿ.ಪಿ. ಮಾತ್ರ ಸರಿಯಾಗಿಯೇ ಇರಬಹುದು. ಹೀಗಾಗಿ ಅಸ್ತಮಾ ಎಂದೋ ರಕ್ತಹೀನತೆ ಎಂದೋ ಬಹಳ ಕಾಲ ಔಷಧಿ ನಡೆಯುವುದುಂಟು. 1891ರಲ್ಲಿ ಜರ್ಮನ್ ವೈದ್ಯ ಅರ್ನ್ಸ್ಟ್ ಫಾನ್ ರೋಂಬರ್ಗ್ ಈ ರಕ್ತನಾಳಗಳು ಗಡುಸಾಗಿದ್ದನ್ನು ಗುರುತಿಸಿದ್ದು ಶವಪರೀಕ್ಷೆಯಲ್ಲಿ. ಬದುಕಿರುವವರ ಹೃದಯದೊಳಗೆ ಕೈಹಾಕುವ ಧೈರ್ಯ ಆಗ ಯಾರಿಗಿತ್ತು?

ಆ ಧೈರ್ಯ ಮಾಡಿದವನು ವರ್ನರ್ ಫೋರ್ಸ್‌ಮನ್. 1929ರಲ್ಲಿ ಬರ್ಲಿನ್ ಹತ್ತಿರದ ಎಬರ್ಸ್‌ವಾಲ್ಡೆ ಎಂಬ ಊರಿನ ಆಸ್ಪತ್ರೆಯಲ್ಲಿ ಕಿರಿಯ ವೈದ್ಯನಾಗಿದ್ದ. ತೋಳಿನ ರಕ್ತನಾಳದಿಂದ ಹೃದಯದವರೆಗೆ ಕೊಳವೆ ತೂರಿಸಬಹುದು ಎಂಬುದು ಅವನ ವಾದ; ಕೂಡದು ಎಂದು ಮೇಲಧಿಕಾರಿಯ ಕಟ್ಟಪ್ಪಣೆ. ಉಪಕರಣಗಳ ಕಪಾಟಿನ ಕೀಲಿ ನರ್ಸ್ ಗೆರ್ಡಾ ಡಿಟ್ಸನ್ ಬಳಿ ಇತ್ತು. ಪ್ರಯೋಗ ನನ್ನ ಮೇಲೆಯೇ ಆಗಲಿ ಎಂದು ಆಕೆ ಒಪ್ಪಿದಳು. ಫೋರ್ಸ್‌ಮನ್ ಅವಳನ್ನು ಮೇಜಿಗೆ ಕಟ್ಟಿಹಾಕಿ, ಸದ್ದಿಲ್ಲದೆ ತನ್ನ ಎಡಮೊಣಕೈಯನ್ನೇ ಕೊಯ್ದುಕೊಂಡ. ಮೂತ್ರನಾಳಕ್ಕೆ ಬಳಸುವ ತೆಳು ಕೊಳವೆಯನ್ನು 65 ಸೆಂ.ಮೀ. ಒಳಗೆ ತಳ್ಳಿ, ಅದು ತೋಳಿನಲ್ಲಿರುವಾಗಲೇ ಮೆಟ್ಟಿಲಿಳಿದು ಎಕ್ಸ್-ರೇ ಕೋಣೆಗೆ ನಡೆದ. ಕೊಳವೆಯ ತುದಿ ಬಲ ಹೃತ್ಕರ್ಣದಲ್ಲಿರುವುದು ಚಿತ್ರದಲ್ಲಿ ಕಂಡಿತು. ಸಾಹಸವೋ ಹುಚ್ಚೋ, ನಂಬಿ ಮಲಗಿದ ನರ್ಸ್‌ಗೆ ಅದು ಮೋಸವೇ.

ಜರ್ಮನಿಯಲ್ಲಿ ಅವನಿಗೆ ಮನ್ನಣೆ ಸಿಗಲಿಲ್ಲ. ಮೂತ್ರರೋಗ ತಜ್ಞನಾದ, ನಾಜಿ ಪಕ್ಷವನ್ನೂ ಸೇರಿದ್ದ. ಅವನು ಬಿಟ್ಟ ಕೆಲಸವನ್ನು ಕೈಗೆತ್ತಿಕೊಂಡವರು ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯ ಆಂದ್ರೆ ಕೂರ್ನಾ ಮತ್ತು ಡಿಕಿನ್ಸನ್ ರಿಚರ್ಡ್ಸ್. 1940ರ ದಶಕದಲ್ಲಿ ಅವರು ಕೊಳವೆಯನ್ನು ಪಲ್ಮನರಿ ಅಪಧಮನಿಯವರೆಗೂ ಒಯ್ದು ಒತ್ತಡ ಅಳೆದರು. 1956ರ ನೊಬೆಲ್ ಮೂವರಿಗೂ ಹಂಚಿಕೆಯಾಯಿತು. 1970ರಲ್ಲಿ ಲಾಸ್ ಏಂಜಲೀಸ್‌ನ ವೈದ್ಯರಾದ ಸ್ವಾನ್ ಮತ್ತು ಗಾಂಜ್ ಕೊಳವೆಯ ತುದಿಗೆ ಪುಟ್ಟ ಬಲೂನು ಸೇರಿಸಿದರು. ಅದನ್ನು ಉಬ್ಬಿಸಿದರೆ ರಕ್ತದ ಹರಿವೇ ಕೊಳವೆಯನ್ನು ಮುಂದಕ್ಕೆ ಒಯ್ಯುತ್ತದೆ. ಹಾಯಿದೋಣಿಗಳನ್ನು ನೋಡುವಾಗ ಸ್ವಾನ್‌ಗೆ ಇದು ಹೊಳೆಯಿತಂತೆ.

ಎಷ್ಟಾದರೆ ಹೆಚ್ಚು? ಅದನ್ನು ನಿಗದಿ ಮಾಡಲು ಒಂದು ದುರಂತವೇ ಆಗಬೇಕಾಯಿತು. 1960ರ ದಶಕದಲ್ಲಿ ಸ್ವಿಟ್ಜರ್‌ಲೆಂಡ್, ಆಸ್ಟ್ರಿಯಾ, ಪಶ್ಚಿಮ ಜರ್ಮನಿಗಳಲ್ಲಿ ತೂಕ ಇಳಿಸಲು ಅಮಿನೊರೆಕ್ಸ್ ಎಂಬ ಮಾತ್ರೆ ನುಂಗಿದವರಲ್ಲಿ ಪಲ್ಮನರಿ ಅಪಧಮನಿಯ ಒತ್ತಡ ಏರುವ ಈ ಕಾಯಿಲೆ ಏಕಾಏಕಿ ಹೆಚ್ಚಿತು. ಅದರ ಬೆನ್ನಿಗೆ 1973ರಲ್ಲಿ ಜಿನೀವಾದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆ ಸೇರಿ, ಸರಾಸರಿ ಒತ್ತಡ ಪಾದರಸದ 25 ಮಿ.ಮೀ. ದಾಟಬಾರದು ಎಂದಿತು. ಆರೋಗ್ಯವಂತರಲ್ಲಿ ಅದು 14ರ ಆಸುಪಾಸು. 25 ಎಂಬುದು ಹೆಚ್ಚುಕಡಿಮೆ ಅಂದಾಜಿನ ಗೆರೆಯೇ. ಆದರೂ ನಾಲ್ಕು ದಶಕಕ್ಕೂ ಮೀರಿ ಉಳಿಯಿತು. 2018ರಲ್ಲಿ ನೀಸ್‌ನಲ್ಲಿ ಸೇರಿದ ತಜ್ಞರು ಅದನ್ನು 20ಕ್ಕೆ ಇಳಿಸಲು ಹೇಳಿದರು. 2022ರ ಯುರೋಪಿನ ಮಾರ್ಗಸೂಚಿಯೂ ಒಪ್ಪಿತು.

ಎಲ್ಲರಿಗೂ ಕೊಳವೆ ಹಾಕಲಾಗದು. 1984ರಲ್ಲಿ ಪಾಲ್ ಯಾಕ್ ಮತ್ತು ರಿಚರ್ಡ್ ಪಾಪ್ ಶಬ್ದತರಂಗಗಳಿಂದ ಹೃದಯ ನೋಡುವ ಡಾಪ್ಲರ್ ಎಕೋದಿಂದಲೇ ಒತ್ತಡವನ್ನು ಲೆಕ್ಕಹಾಕುವ ದಾರಿ ತೋರಿಸಿದರು. ಹೃದಯದ ಬಲಭಾಗದ ಕವಾಟದಲ್ಲಿ ಹಿಂದಕ್ಕೆ ಸೋರುವ ರಕ್ತದ ವೇಗ ನೋಡಬೇಕು. ವೇಗದ ವರ್ಗವನ್ನು ನಾಲ್ಕರಿಂದ ಗುಣಿಸಬೇಕು. ಸೆಕೆಂಡಿಗೆ 3 ಮೀಟರ್ ಎಂದರೆ ಪಾದರಸದ 36 ಮಿ.ಮೀ. ಅದಕ್ಕೆ ಹೃತ್ಕರ್ಣದ ಒತ್ತಡ ಕೂಡಿಸಬೇಕು. ಸೋರಿಕೆ ಸರಿಯಾಗಿ ಕಾಣದಿದ್ದರೆ ಲೆಕ್ಕವೂ ತಪ್ಪುತ್ತದೆ. ಮೇಲಾಗಿ ಇದು ಹೃದಯ ಹಿಂಡಿದ ಕ್ಷಣದ ಒತ್ತಡ, ಸರಾಸರಿಯಲ್ಲ.

ಎಕೋ ವರದಿಯ ಕೊನೆಯ ಸಾಲಿನಲ್ಲಿ ‘ಮೈಲ್ಡ್ ಪಿ.ಎಚ್.’ (ಪಲ್ಮನರಿ ಹೈಪರ್‌ಟೆನ್ಷನ್, ಅಂದರೆ ಶ್ವಾಸಕೋಶದ ಬಿ.ಪಿ. ತುಸು ಹೆಚ್ಚು) ಎಂದು ಬರೆದಿದ್ದನ್ನು ಕಂಡು ನಿದ್ದೆಗೆಡುವವರು ಇದನ್ನು ತಿಳಿದಿರಬೇಕು. ಅದು ಸಂದೇಹ, ತೀರ್ಪಲ್ಲ. ಎಡಹೃದಯದ ತೊಂದರೆ, ಶ್ವಾಸಕೋಶದ ರೋಗ, ರಕ್ತನಾಳದಲ್ಲಿ ಉಳಿದ ಹೆಪ್ಪು, ಇವುಗಳಲ್ಲಿ ಯಾವುದು ಕಾರಣ ಎಂಬುದರ ಮೇಲೆ ಚಿಕಿತ್ಸೆಯೇ ಬದಲಾಗುತ್ತದೆ. ಹೆಪ್ಪು ಹುಡುಕಲು, ಶ್ವಾಸಕೋಶದಲ್ಲಿ ಗಾಳಿ ಮತ್ತು ರಕ್ತ ಎಲ್ಲೆಲ್ಲಿ ತಲುಪುತ್ತವೆ ಎಂದು ತೋರಿಸುವ ವಿ/ಕ್ಯು ಸ್ಕ್ಯಾನ್ ಇದೆ. ಶ್ವಾಸಕೋಶದ ರಕ್ತನಾಳಗಳದೇ ಕಾಯಿಲೆ ಎಂದು ವಿಶೇಷ ಮಾತ್ರೆ ಶುರುಮಾಡುವ ಮೊದಲು, ಕೊಳವೆ ಹಾಕಿ ಒತ್ತಡ ಅಳೆದಿದ್ದಾರೆಯೇ ಎಂದು ನಿಮ್ಮ ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ.